ಒಂದೇ ಮುಳ್ಳಿನ ಸಾಕ್ಷಿ

"ಎರಡಲ್ಲ ಸಾ. ಒಂದೇ ಮುಳ್ಳು," ಎಂದ ನಿಂಗರಾಜು.

ಎಎಸ್‌ಐ ಗಂಗಾಧರಸ್ವಾಮಿಯವರು ತುಟಿಯ ಹತ್ತಿರಕ್ಕೆ ತಂದಿದ್ದ ಟೀ ಲೋಟವನ್ನು ಅಲ್ಲೇ ತಡೆದರು. ಹೊಳೆಗೇಟು ಔಟ್‌ಪೋಸ್ಟಿನ ಟೀ ಹಾಗೆ ತಡೆದು ಕುಡಿಯುವಂಥದ್ದಲ್ಲ. ಆರಿತೋ, ಅದರ ನಿಜಸ್ವರೂಪ ಗೊತ್ತಾಗಿಬಿಡುತ್ತದೆ. ಆದರೂ ತಡೆದರು.

"ಏನಂದೆ?"

"ಮೀಟ್ರಲ್ಲಿ ಇರೋದು ಒಂದೇ ಮುಳ್ಳು ಸಾ. ನೀವು ಆಗ್ಲಿಂದ ಪ್ರೆಶರ್ ಮೀಟ್ರು ಎಲ್ಲಿತ್ತು, ಟೆಂಪ್ರೇಚರ್ ಮೀಟ್ರು ಎಲ್ಲಿತ್ತು ಅಂತ ಎರಡು ಮಾಡ್ಕಂಡು ಕೇಳ್ತಾ ಇದ್ದೀರಿ. ಎರಡಿಲ್ಲ."

ಹದಿನಾರು ದಿನದ ಹಿಂದೆ, ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯ ಮೇಲಿನ ರವಿಕುಮಾರನ ಐಸ್ ಫ್ಯಾಕ್ಟರಿಯಲ್ಲಿ ಪೈಪು ಒಡೆದು ಅಮೋನಿಯ ನುಗ್ಗಿ, ಐಸ್ ದಿಮ್ಮಿ ಎತ್ತುತ್ತಿದ್ದ ಸಿದ್ದಯ್ಯ ಸತ್ತಿದ್ದ. ಯಂತ್ರ ನಡೆಸುತ್ತಿದ್ದ ದೇವನೂರಿನ ನಿಂಗರಾಜು ಆರೋಪಿಯಾಗಿ, ಜಾಮೀನಿನ ಮೇಲೆ, ದಿನಾ ಬೆಳಿಗ್ಗೆ ಔಟ್‌ಪೋಸ್ಟಿಗೆ ಬಂದು ಸಹಿ ಹಾಕಿ ಹೋಗುತ್ತಿದ್ದ. ನಾಳೆ ಶುಕ್ರವಾರ ಹನ್ನೊಂದು ಗಂಟೆಗೆ ಚಾರ್ಜ್‌ಶೀಟು ಕೋರ್ಟಿಗೆ. ಅಷ್ಟರೊಳಗೆ ಏನಾದರೂ ಸಿಗದಿದ್ದರೆ ನಿಂಗರಾಜುವಿಗೆ ಎರಡು ವರ್ಷ ಜೈಲು ಖಾಯಂ. ಅದಕ್ಕಿಂತ ಹೆಚ್ಚಾಗಿ, ಜೊತೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದವನನ್ನು ಕೊಂದವನು ಎಂಬ ಹೆಸರು ಸಾಯೋವರೆಗೂ ಖಾಯಂ.

ಮೇಜಿನ ಮೇಲೆ ಆ ಮಂಗಳವಾರದ ಲಾಗ್ ಶೀಟು ಬಿದ್ದಿತ್ತು. ಗಂಟೆಗೊಂದು ಸಾಲು. ಬೆಳಿಗ್ಗೆಯೆಲ್ಲ ಒತ್ತಡ ನೂರೆಂಬತ್ತು ಪೌಂಡು, ಶಾಖ ಮೂವತ್ತೈದು ಡಿಗ್ರಿ. ಮಧ್ಯಾಹ್ನ ಒಂದು, ಎರಡು, ಮೂರು ಗಂಟೆಗಳ ಎದುರು ಮಾತ್ರ ಒತ್ತಡ ಇನ್ನೂರೆಂಬತ್ತು. ಮೂರೂ ಇಪ್ಪತ್ತಕ್ಕೆ ಪೈಪು ಒಡೆದದ್ದು. ಕೆಳಗೆ ನಿಂಗರಾಜುವಿನ ಸಹಿ. ನೂರು ಪೌಂಡು ಏರಿದ್ದರೂ ಎರಡು ಗಂಟೆ ಕಾಲ ಕೈಕಟ್ಟಿ ಕೂತಿದ್ದ ಆಪರೇಟರ್ ಎಂದು ಸಾಬೀತು ಮಾಡಲು ಇಷ್ಟು ಸಾಕಿತ್ತು.

"ಬರೆದಿರೋದು ನಾನಲ್ಲ ಸಾ."

"ಸಹಿ?"

"ಸಹಿ ನಂದೇ."

"ಇದೆಂಥ ಮಾತಯ್ಯ?"

"ಓದೋನು ನಾನು, ಬರ್ಯೋರು ಗುಮಾಸ್ತ್ರು ಪುಟ್ಟರಾಜಪ್ಪ. ನನ್ ಕೈಯೆಲ್ಲ ಎಣ್ಣೆ, ಪೇಪರ್ ಮುಟ್ಟಂಗಿಲ್ಲ. ಗಂಟೆಗೊಂದ್ಸಲ ಮೀಟ್ರು ನೋಡಿ ಕಿಟಕಿಯಿಂದ ಕೂಗ್ತೀನಿ, 'ನೂರೆಂಬತ್ತು, ಮೂವತ್ತೈದು!' ಅಂತ. ಅವ್ರು ಆಪೀಸ್ ರೂಮಲ್ಲಿ ಕೂತ್ಕಂಡು ಬರ್ಕತಾರೆ. ಸೋಮಾರ ಬೆಳಿಗ್ಗೆ, ಕೈ ಮಾಸೋಕೆ ಮುಂಚೆ, ವಾರದ ಏಳು ಶೀಟಿಗೂ ಸಹಿ ಹಾಕ್ಬುಡ್ತೀನಿ."

"ಖಾಲಿ ಶೀಟಿಗೆ?"

"ಹತ್ತೊಂಬತ್ತು ವರ್ಷದಿಂದ ಅಂಗೇ ಸಾ."

ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಗಂಗಾಧರಸ್ವಾಮಿಯವರು ಬಗೆಬಗೆಯ ಕಳ್ಳರನ್ನು ಕಂಡಿದ್ದರು. ಕಾನೂನಿಗೆ ಅವರೆಲ್ಲರಿಗಿಂತ ಹೆಚ್ಚು ತೊಂದರೆ ಕೊಡುವವನು ಪಕ್ಕದ ರೂಮಿನವನನ್ನು ನಂಬುವ ಮನುಷ್ಯ ಎಂಬುದು ಅವರಿಗೆ ಈಚೆಗೆ ಖಾತ್ರಿಯಾಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಮಾದಪ್ಪ ನಕ್ಕ. ನಾಲ್ಕು ವರ್ಷದಿಂದ ಗಂಗಾಧರಸ್ವಾಮಿಯವರ ಬಲಗೈ. ಟೀಯಿಂದ ಹಿಡಿದು ಮಹಜರಿನವರೆಗೆ ಎಲ್ಲವನ್ನೂ ಕೇಳುವ ಮೊದಲೇ ಸಿದ್ಧ ಮಾಡಿಡುವ ಆಸಾಮಿ. "ಸೋಮವಾರ ಸಹಿ, ಮಂಗಳವಾರ ಸಾವು, ಶುಕ್ರವಾರ ಕೋರ್ಟು. ವಾರನೆಲ್ಲ ಚೆನ್ನಾಗೇ ಹಂಚಿಕೊಂಡಿದ್ದೀಯ ಕಣಯ್ಯ."

"ನೀನು ಸುಮ್ನಿರಯ್ಯ ಮಾದಪ್ಪ. ನಿಂಗರಾಜು, ಆ ಮುಳ್ಳಿನ ವಿಷಯ ಹೇಳು."

ನಿಂಗರಾಜುವಿನ ಬಲಗೈಗೆ ಇನ್ನೂ ಬ್ಯಾಂಡೇಜು. ಅಮೋನಿಯದ ಮಧ್ಯೆ ನುಗ್ಗಿ ಟ್ಯಾಂಕಿನ ವಾಲ್ವು ತಿರುಗಿಸಿ ನಿಲ್ಲಿಸಿದ ಕೈ ಅದು. ಎಡಗೈ ಬೆರಳನ್ನು ನೀರಿನಲ್ಲಿ ಅದ್ದಿ ಮೇಜಿನ ಮೇಲೆ ಒಂದು ದುಂಡು ಬರೆದ, ಅದರೊಳಗೆ ಇನ್ನೊಂದು.

"ಒರಗಡೆ ಸುತ್ತು ಕರೀ ನಂಬ್ರು, ಪೌಂಡು. ಒಳಗಡೆ ಸುತ್ತು ಕೆಂಪು ನಂಬ್ರು, ಶಾಖ. ಮುಳ್ಳು ಒಂದೇ. ಕರೀದ್ರಲ್ಲಿ ನೂರೆಂಬತ್ತಕ್ಕೆ ನಿಂತ್ರೆ, ಅದೇ ಗೆರೇಲಿ ಕೆಂಪುದ್ರಲ್ಲಿ ಮೂವತ್ತೈದಕ್ಕೆ ನಿಂತಿರ್ತದೆ."

"ಒಂದು ಮುಳ್ಳು ಎರಡು ವಿಷಯ ಹೇಗಯ್ಯ ಹೇಳುತ್ತೆ?"

"ಒಳಗಿರೋದು ಅಮೋನಿಯ ಒಂದೇ ಅಲ್ವಾ ಸಾ? ಬೇರೆ ಏನೂ ಬೆರೆತಿಲ್ಲ. ಟ್ಯಾಂಕಿನ ತಳದಲ್ಲಿ ನೀರಿನಂಗೆ ನಿಂತಿರ್ತದೆ, ಮೇಲ್ಗಡೆ ಆವಿಯಾಗಿರ್ತದೆ. ಅವೆರಡೂ ಜೊತೇಲಿ ಇರೋಗಂಟ ಇಷ್ಟು ಶಾಖಕ್ಕೆ ಇಷ್ಟೇ ಒತ್ತಡ. ಇದು ಏರಿದ್ರೆ ಅದೂ ಏರ್ತದೆ, ಇಳಿದ್ರೆ ಇಳೀತದೆ. ಒಂದನ್ನ ಬುಟ್ಟು ಒಂದು ಓಗಾಕಿಲ್ಲ."

ಗಂಗಾಧರಸ್ವಾಮಿಯವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಮುಖದ ಮೇಲೆ ತೋರಿಸಬಾರದೆಂದು ಇಲಾಖೆ ಕಲಿಸಿತ್ತು. ಆದರೆ ಬೆಂಚಿನ ಮೇಲೆ ಕೂತಿದ್ದ ನಿಂಗರಾಜುವಿನ ಹೆಂಡತಿ ಪುಟ್ಟಮಾದಮ್ಮ ಇಪ್ಪತ್ತು ವರ್ಷದಿಂದ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು. ಹಾಸ್ಟೆಲ್ ಹುಡುಗರ ಮುಖ ನೋಡಿ ನೋಡಿ ಇಂಥ ಮುಖಗಳೆಲ್ಲ ಅವಳಿಗೆ ಬಾಯಿಪಾಠ.

"ಕುಕ್ಕರ್ ಕಂಡಿಲ್ವಾ ಸಾ ನೀವು?"

"ಕಂಡಿದ್ದೀನಮ್ಮ."

"ಬರೀ ಪಾತ್ರೇಲಿ ನೀರು ಕುದಿಯೋಕೆ ಶುರುವಾದ್ಮೇಲೆ ಎಷ್ಟು ಸೌದೆ ಒಟ್ಟಿದ್ರೂ ಕಾವು ಅಷ್ಟೇ. ಸೌದೆ ದಂಡ. ಮುಚ್ಚಳ ಬಿಗಿದು ಒಳಗೇ ಅದುಮಿದ್ರೆ ಆಗ ಕಾವು ಮೇಲಕ್ಕೋಯ್ತದೆ, ತೊಗರಿಬೇಳೆ ಬೇಯ್ತದೆ. ಎರಡೂ ಒಟ್ಟಿಗೆ ಅತ್ತೋದು, ಒಟ್ಟಿಗೆ ಇಳಿಯೋದು. ನಿಮ್ಮನೇಲಿ ಅಡುಗೆ ಯಾರು ಮಾಡ್ತಾರೆ?"

"ನಮ್ಮ ಮನೆಯವರು."

"ಗೊತ್ತಾಯ್ತು ಬುಡಿ."

ಮಾದಪ್ಪ ಕೆಮ್ಮಿದ. ಗಂಗಾಧರಸ್ವಾಮಿಯವರು ಕೆಮ್ಮಲಿಲ್ಲ. ಅವರು ಲಾಗ್ ಶೀಟನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ಬೆಳಿಗ್ಗೆ ನೂರೆಂಬತ್ತು, ಮೂವತ್ತೈದು. ಮಧ್ಯಾಹ್ನ ಇನ್ನೂರೆಂಬತ್ತು. ಮೂವತ್ತೈದು.

"ನಿಂಗರಾಜು, ಇನ್ನೂರೆಂಬತ್ತು ಪೌಂಡಿಗೆ ಕೆಂಪು ನಂಬರು ಎಷ್ಟಿರಬೇಕು?"

"ಅಷ್ಟು ಮೇಲಕ್ಕೆ ನಾನು ಒಂದಿನಾನೂ ಬುಟ್ಟಿಲ್ಲ ಸಾ. ಆದ್ರೆ ಮೂವತ್ತೈದಂತೂ ಅಲ್ಲ."

ಗಂಗಾಧರಸ್ವಾಮಿಯವರು ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಅದರ ರುಚಿ ಅವರಿಗೆ ಗೊತ್ತಾಗಲಿಲ್ಲ ಎಂಬುದೇ ಆ ಹೊತ್ತಿನ ಮಹತ್ವಕ್ಕೆ ಪುರಾವೆ.

*

ಹತ್ತೂವರೆಯ ಬಸ್ಸಿಗೆ ನಂಜನಗೂಡು. ಗಂಗಾಧರಸ್ವಾಮಿಯವರ ಮಗಳಿಗೆ ಒಂದು ಕಾಲದಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಸುಬ್ಬಲಕ್ಷ್ಮಮ್ಮನವರು ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಲಾಗ್ ಶೀಟನ್ನೂ ಅದೇ ಕಣ್ಣಿನಿಂದ ನೋಡಿದರು. ಕೆಂಪು ಪೆನ್ನು ತಾನಾಗಿ ಮೇಲೆದ್ದಿತು.

"ಬೇಡಿ ಮೇಡಂ, ಅದು ಕೋರ್ಟಿನ ದಾಖಲೆ."

"ಕ್ಷಮಿಸಿ. ಅಭ್ಯಾಸ." ಬೀರುವಿನಿಂದ ದಪ್ಪ ಪುಸ್ತಕ ತೆಗೆದು ಕೋಷ್ಟಕದ ಪುಟ ತೆರೆದರು. "ಮೂವತ್ತೈದು ಡಿಗ್ರಿಗೆ ನೂರೆಂಬತ್ತರ ಆಸುಪಾಸು. ನಿಮ್ಮ ಆಪರೇಟರ್ ಸರಿಯಾಗೇ ಓದಿದ್ದಾನೆ. ಇನ್ನೂರೆಂಬತ್ತಕ್ಕೆ ಐವತ್ತು ಡಿಗ್ರಿ ಇರಬೇಕು. ಇನ್ನೂರೆಂಬತ್ತು ಪೌಂಡಿದ್ದೂ ಮೂವತ್ತೈದು ಡಿಗ್ರಿ ತೋರಿಸೋ ಅಮೋನಿಯ ಈ ಭೂಮಿ ಮೇಲಿಲ್ಲ."

"ಅಂದರೆ ಈ ಸಾಲುಗಳು ಸುಳ್ಳು."

"ಶುದ್ಧ ವಸ್ತುವಿನ ಗುಣವೇ ಅದು ಗಂಗಾಧರಸ್ವಾಮಿ. ದ್ರವ, ಆವಿ ಎರಡೂ ಜೊತೆಗಿದ್ದಾಗ ಒಂದು ಹೇಳಿದರೆ ಇನ್ನೊಂದು ತಾನಾಗಿ ತಿಳಿಯುತ್ತೆ. ಮನುಷ್ಯರ ಹಾಗಲ್ಲ." ಪುಸ್ತಕ ಮುಚ್ಚುವ ಮೊದಲು ಕನ್ನಡಕದ ಮೇಲಿಂದ ನೋಡಿದರು. "ಒಂದು ಎಚ್ಚರ. ಒಳಗೆ ಗಾಳಿ ಬೆರೆತಿದ್ದರೆ ಲೆಕ್ಕ ತಪ್ಪುತ್ತೆ. ಎದುರು ಪಾರ್ಟಿಯವನು ಬುದ್ಧಿವಂತನಾದರೆ ಅದನ್ನೇ ಹಿಡಿದುಕೊಳ್ತಾನೆ."

"ಕೋರ್ಟಲ್ಲಿ ಇದನ್ನೆಲ್ಲ ಹೇಳ್ತೀರಾ ಮೇಡಂ?"

"ಇಪ್ಪತ್ತೆಂಟು ವರ್ಷದಿಂದ ಹೇಳ್ತಾನೇ ಇದ್ದೀನಿ. ಕೇಳೋಕೆ ಒಬ್ಬರು ಸಿಕ್ಕಿದ್ರೆ ನಂಗೇನು ಕಷ್ಟ?"

*

ಮೂರು ಗಂಟೆಗೆ ಐಸ್ ಫ್ಯಾಕ್ಟರಿಯ ಮೆಷೀನ್ ರೂಮಿನ ಬೀಗಮುದ್ರೆ ತೆಗೆಸಿದರು. ಹದಿನಾರು ದಿನದಿಂದ ನಿಂತ ಯಂತ್ರ. ಪೈಪು ಒಡೆದ ಕಡೆ ಬರೀ ಬಾಯಿ. ಗೋಡೆಯ ಪಕ್ಕದಲ್ಲಿ ಮಾತ್ರ, ನಿಂಗರಾಜು ವಾಲ್ವು ಮುಚ್ಚಿ ಉಳಿಸಿದ ಟ್ಯಾಂಕು, ಅರ್ಧ ಹೊಟ್ಟೆ ಅಮೋನಿಯ ಇಟ್ಟುಕೊಂಡು ಅಲ್ಲಾಡದೆ ಕೂತಿತ್ತು. ಎದುರಿನ ಹಲಗೆಯ ಮೇಲೆ ಮೂರು ದುಂಡನೆಯ ಮೀಟರು, ದೊಡ್ಡದಕ್ಕೆ ಟ್ಯಾಂಕಿನಿಂದಲೇ ಕೊಳವೆ.

ನಂಜನಗೂಡಿನಿಂದ ಕಾರಿನಲ್ಲಿ ಬಂದಿದ್ದ ಮಾಲೀಕ ರವಿಕುಮಾರ್ ಇಸ್ತ್ರಿ ಕೆಡದಂತೆ ನಿಂತಿದ್ದ. ಗುಮಾಸ್ತ ಪುಟ್ಟರಾಜು ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದ. ಒಳಗೆ ವಾಸನೆ ಏನೂ ಉಳಿದಿರಲಿಲ್ಲ. ನಿಂಗರಾಜು, ಪುಟ್ಟಮಾದಮ್ಮ, ಮಾದಪ್ಪ, ಸಾಕ್ಷಿಗೆಂದು ಬಸ್ ಸ್ಟಾಪಿನಿಂದ ಕರೆತಂದ ಇಬ್ಬರು ಪಂಚರು.

"ಪುಟ್ಟರಾಜು, ಎಷ್ಟು ವರ್ಷ ಆಯ್ತಯ್ಯ ಇಲ್ಲಿ?"

"ಒಂಬತ್ತು ವರ್ಷ ಸಾರ್."

"ದಿನಾ ರೀಡಿಂಗ್ ಬರೆಯೋನು ನೀನೇ."

"ಒಂದು ದಿನ ತಪ್ಪಿಲ್ಲ ಸಾರ್."

"ಶಭಾಷ್. ಈ ಮೂರು ಮೀಟರಲ್ಲಿ ಒತ್ತಡದ್ದು ಯಾವುದು, ಶಾಖದ್ದು ಯಾವುದು, ಸ್ವಲ್ಪ ತೋರಿಸಪ್ಪ."

ಪುಟ್ಟರಾಜು ಮಾಲೀಕನನ್ನು ನೋಡಿದ. ಮಾಲೀಕ ಗೋಡೆ ನೋಡಿದ. ಪುಟ್ಟರಾಜು ಮುಂದೆ ಬಂದು, ದೊಡ್ಡ ಮೀಟರಿಗೆ ಬೆರಳು ತೋರಿಸಿ, "ಇದು ಒತ್ತಡ," ಎಂದ. ಆಮೇಲೆ, ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಗೆ ಬಂದವನ ಧೈರ್ಯದಿಂದ ಬಲಗಡೆಯ ಚಿಕ್ಕ ಮೀಟರನ್ನು ತೋರಿಸಿದ. "ಇದು ಟೆಂಪರೇಚರ್."

"ಅಯ್ಯೋ ಪುಟ್ಟರಾಜಪ್ಪ," ಎಂದ ನಿಂಗರಾಜು, ನಿಜವಾದ ಮರುಕದಿಂದ. "ಅದು ಎಣ್ಣೆ ಮೀಟ್ರು."

ಪಂಚರಲ್ಲಿ ಒಬ್ಬ ನಕ್ಕುಬಿಟ್ಟ. ಪಂಚರು ನಗಬಾರದೆಂದು ಯಾವ ಕಾನೂನೂ ಇಲ್ಲ.

"ಒಂಬತ್ತು ವರ್ಷದಲ್ಲಿ ಈ ರೂಮಿಗೆ ಎಷ್ಟು ಸಲ ಬಂದಿದ್ದೀಯ?"

"ವಾಸನೆ ಸಾರ್... ನಂಗೆ ಆಗಲ್ಲ... ಕಿಟಕೀಲೇ ಕೇಳಿಸ್ಕೋತಿದ್ದೆ."

"ಎರಡು ನಂಬರು ಕೇಳಿಸ್ತಿತ್ತು. ಎರಡು ಮೀಟರು ಇದೆ ಅಂದುಕೊಂಡೆ." ಗಂಗಾಧರಸ್ವಾಮಿಯವರು ದೊಡ್ಡ ಮೀಟರಿನ ಗಾಜನ್ನು ತಟ್ಟಿದರು. "ಒಂದೇ ಮುಳ್ಳು ಕಣಪ್ಪ. ಕಪ್ಪು ಸುತ್ತಿನಲ್ಲಿ ಒತ್ತಡ, ಕೆಂಪು ಸುತ್ತಿನಲ್ಲಿ ಶಾಖ. ಇನ್ನೂರೆಂಬತ್ತಕ್ಕೆ ಮುಳ್ಳು ಹೋದರೆ ಕೆಂಪಲ್ಲಿ ಎಷ್ಟಿರುತ್ತೆ, ಓದು."

ಪುಟ್ಟರಾಜು ಓದಿದ. ಓದಿದ್ದು ಅವನ ಬಾಯಿಂದ ಹೊರಗೆ ಬರಲಿಲ್ಲ.

"ಐವತ್ತು," ಎಂದು ಅವನ ಪರವಾಗಿ ಪುಟ್ಟಮಾದಮ್ಮ ಓದಿದಳು.

"ಐವತ್ತು. ನಿನ್ನ ಶೀಟಲ್ಲಿ ಮೂವತ್ತೈದು. ಒತ್ತಡ ಏರಿಸಿದೆ, ಶಾಖ ಮರೆತೆ. ಬೆಳಗಿನ ಸಾಲು ನೋಡಿ ನೋಡಿ ಎರಡನೇ ಕಾಲಮ್ಮು ಹಾಗೇ ಇಳಿಸಿಬಿಟ್ಟೆ."

ರವಿಕುಮಾರ್ ಮೊದಲ ಸಲ ಬಾಯಿ ತೆರೆದ. ದನಿ ಮೆತ್ತಗಿತ್ತು, ಸಮಾಧಾನವಾಗಿತ್ತು.

"ಸ್ವಾಮಿಗಳೇ, ನಾನೂ ಡಿಪ್ಲೊಮಾ ಓದಿದ್ದೀನಿ. ನೀವು ಹೇಳ್ತಿರೋದು ಒಳಗೆ ಬರೀ ಅಮೋನಿಯ ಇದ್ದಾಗಿನ ಮಾತು. ಇವನು ಮೆಷೀನಿಗೆ ಗಾಳಿ ಸೇರಿಸಿಬಿಟ್ಟಿದ್ರೆ ಶಾಖ ಏರದೇನೇ ಒತ್ತಡ ಏರುತ್ತೆ. ಶಾಖನ ಬೇರೆ ಥರ್ಮಾಮೀಟರಲ್ಲಿ ನೋಡಿ ಕೂಗಿರಬಹುದು. ಅದೂ ಇವನದೇ ಅಜಾಗರೂಕತೆ."

ಗಂಗಾಧರಸ್ವಾಮಿಯವರ ಮುಖ ಅರಳಿತು. ನಂಜನಗೂಡಿನ ಬಸ್ಸಿಗೆ ಹೋಗಿಬಂದದ್ದು ದಂಡವಾಗಲಿಲ್ಲ.

"ಒಳ್ಳೆ ಮಾತು. ಗಾಳಿ ಸೇರಿದ್ರೆ ಮುಳ್ಳು ಸುಳ್ಳು ಹೇಳುತ್ತೆ, ಅಲ್ವಾ?"

"ಹೇಳುತ್ತೆ."

"ಶಾಖ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ."

"ತೋರಿಸುತ್ತೆ."

"ಈ ಟ್ಯಾಂಕಲ್ಲಿರೋದು ಅವತ್ತಿನ ಅಮೋನಿಯಾನೇ. ವಾಲ್ವು ಮುಚ್ಚಿದೆ, ಬೀಗಮುದ್ರೆ ನನ್ನದು. ಗಾಳಿ ಸೇರಿದ್ದರೆ ಅದೂ ಇನ್ನೂ ಒಳಗೇ ಇರಬೇಕು. ಹದಿನಾರು ದಿನದಿಂದ ನಿಂತು ನಿಂತು ಟ್ಯಾಂಕು ಈ ರೂಮಿನ ಕಾವಿಗೇ ಬಂದುಬಿಟ್ಟಿದೆ." ಅವರು ಪಂಚರ ಕಡೆ ತಿರುಗಿದರು. "ಗೋಡೆ ಮೇಲಿರೋ ಥರ್ಮಾಮೀಟರ್ ಓದಯ್ಯ."

"ಮೂವತ್ನಾಲ್ಕು," ಎಂದ ನಕ್ಕಿದ್ದ ಪಂಚ.

"ಮುಳ್ಳು ಕೆಂಪಲ್ಲಿ ಎಷ್ಟಕ್ಕಿದೆ?"

ಎರಡನೆಯ ಪಂಚ ಹತ್ತಿರ ಹೋಗಿ, ಹಿಂದೆ ಬಂದು, ಮತ್ತೆ ಹತ್ತಿರ ಹೋದ. "ಮೂವತ್ನಾಲ್ಕೇ ಸಾ."

ಪುಟ್ಟರಾಜು ಮೂಗಿನಿಂದ ಕರ್ಚೀಫು ತೆಗೆದ.

"ಮುಳ್ಳು ಅಂಟಿಕೊಂಡಿರಬಹುದು," ಎಂದ ರವಿಕುಮಾರ್. ದನಿಯ ಇಸ್ತ್ರಿ ಕೆಟ್ಟಿತ್ತು. "ಹಳೇ ಮೀಟರು."

"ಅಂಟ್ಕಂಡದಾ?" ಪುಟ್ಟಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೋಡ್ಬುಡಾಣ. ಆ ಬೋರ್‌ವೆಲ್ ಒತ್ರಯ್ಯ ಯಾರಾದ್ರೂ."

ಹೆಡ್ ಕಾನ್‌ಸ್ಟೇಬಲ್ ಮಾದಪ್ಪ ಹೊರಗೆ ಓಡಿ ಪಂಪು ಒತ್ತಿದ. ಪುಟ್ಟಮಾದಮ್ಮ ಬಿಂದಿಗೆ ತುಂಬಿ ತಂದಳು. ಪಂಚರಿಗೂ ಒಂದೊಂದು ಬಕೆಟ್ಟು ಸಿಕ್ಕಿತು. ನಿಂಗರಾಜು ಟ್ಯಾಂಕಿನ ಮೇಲೆ ಗೋಣಿಚೀಲ ಹರಡಿದ. ನೀರು ಸುರಿಯತೊಡಗಿತು. ಒಂದು ಬಿಂದಿಗೆ, ಮೂರು, ಆರು. ಮುಳ್ಳು ಅಲ್ಲಾಡಲಿಲ್ಲ. ರವಿಕುಮಾರನ ಮೀಸೆಯ ಕೆಳಗೆ ಏನೋ ಸಡಿಲವಾಯಿತು.

"ತಡೀರಿ," ಎಂದ ನಿಂಗರಾಜು. "ಟ್ಯಾಂಕು ದೊಡ್ದು. ನಿಧಾನ ಅದ್ಕೆ."

ಒಂಬತ್ತು ಬಿಂದಿಗೆ. ಹನ್ನೆರಡು. ಯಂತ್ರದ ಬುಡದಲ್ಲಿ ಕಾಲು ತೋಯುವಷ್ಟು ನೀರು. ಆಗ ಮುಳ್ಳು ನಡುಗಿತು. ನಡುಗಿ, ಹಿಂದಕ್ಕೆ ಜಾರಿತು. ಕೂದಲೆಳೆಯಷ್ಟು, ಆಮೇಲೆ ಬೆರಳಷ್ಟು.

"ಓದ್ರಯ್ಯ!" ಎಂದರು ಗಂಗಾಧರಸ್ವಾಮಿ.

"ಕಪ್ಪಲ್ಲಿ ನೂರರವತ್ತು! ಕೆಂಪಲ್ಲಿ ಮೂವತ್ತೊಂದು!"

"ಮೊದಲೆಷ್ಟಿತ್ತು?"

"ನೂರಾ ಎಪ್ಪತ್ತೈದು, ಮೂವತ್ನಾಲ್ಕು!" ಪಂಚರು ಈಗ ಪಂಚರಾಗಿ ಉಳಿದಿರಲಿಲ್ಲ, ಕಬಡ್ಡಿ ನೋಡಲು ಬಂದವರಾಗಿದ್ದರು. "ಎರಡೂ ಜೊತೇಲಿ ಇಳಿದ್ವು ಸಾ!"

"ಒಂದು ಬುಟ್ಟು ಒಂದು ಓಗಾಕಿಲ್ಲ," ಎಂದಳು ಪುಟ್ಟಮಾದಮ್ಮ, ಬಿಂದಿಗೆಯನ್ನು ಮಾಲೀಕನ ಬೂಟಿನ ಪಕ್ಕ ಢಣ್ಣನೆ ಕುಕ್ಕಿ. "ಗಂಡಸರಂಗಲ್ಲ."

ಗೋಡೆಗೆ ಒರಗಿದ್ದ ಪುಟ್ಟರಾಜು ನಿಧಾನವಾಗಿ ಕೆಳಕ್ಕೆ ಜಾರಿ, ನೀರಿನಲ್ಲೇ ಕುಳಿತ.

"ಒತ್ತಡ ಜಾಸ್ತಿ ಮಾಡಿ ಬರಿ ಅಂದ್ರು ಸಾರ್. ಅವತ್ತು ಸಾಯಂಕಾಲ. ಸಹಿ ಇರೋ ಖಾಲಿ ಶೀಟು ವಾರಕ್ಕಾಗೋಷ್ಟಿತ್ತು. ಒಂದರಲ್ಲಿ ಪೂರ್ತಿ ಹೊಸದಾಗಿ ಬರೆದೆ." ಅಳು ಬಂದು ಮಾತು ತುಂಡಾಯಿತು. "ಟೆಂಪರೇಚರ್ ವಿಷಯ ಯಾರೂ ಹೇಳಲಿಲ್ಲ ಸಾರ್!"

"ಯಾರು ಬರಿ ಅಂದದ್ದು?"

ಪುಟ್ಟರಾಜು ಬೆರಳು ಎತ್ತಿದ. ಈ ಸಲ ಸರಿಯಾದ ಕಡೆಗೇ ತೋರಿಸಿದ.

ನಿಂಗರಾಜು ಟ್ಯಾಂಕಿನ ಮೇಲೆ ಎಡಗೈ ಇಟ್ಟು, ಒದ್ದೆ ಗೋಣಿಯನ್ನು ಸವರುತ್ತಾ ನಿಂತಿದ್ದ. ಅವನ ಹೆಂಡತಿ ಅವನ ಮುಖ ನೋಡಲಿಲ್ಲ. ನೋಡಿದರೆ ತಾನೂ ಅತ್ತುಬಿಡುತ್ತೇನೆಂದು ಗೊತ್ತಿದ್ದವಳಂತೆ ಬಕೆಟ್ಟುಗಳನ್ನು ಒಂದರೊಳಗೊಂದು ಜೋಡಿಸಿದಳು.

ಮೂವತ್ತೆರಡು ವರ್ಷದಲ್ಲಿ ಇಂಥ ಮಧ್ಯಾಹ್ನ ಎಷ್ಟು ಬಂದಿದ್ದವು ಎಂದು ಗಂಗಾಧರಸ್ವಾಮಿಯವರು ಎಣಿಸಲು ಹೋದರು. ಒಂದು ಕೈಯ ಬೆರಳೂ ಪೂರ್ತಿ ಬೇಕಾಗಲಿಲ್ಲ.

"ಇನ್ನೊಂದೇ ಕೆಲಸ," ಎಂದರು. "ಒತ್ತಡ ಮಾಮೂಲಾಗಿದ್ದರೆ ಪೈಪು ಒಡೆದದ್ದು ಯಾಕೆ?"

"ತುಕ್ಕಿಡಿದು ಕಾಗದದಂಗಾಗಿತ್ತು ಸಾ," ಎಂದ ನಿಂಗರಾಜು. "ಮೂರು ಸಲ ಏಳ್ದೆ ಯಜಮಾನ್ರಿಗೆ. ಸೀಸನ್ ಮುಗೀಲಿ ಅಂದ್ರು."

"ಹಾಗಾದರೆ ಅದನ್ನೂ ಪಂಚರ ಮುಂದೆ ನೀನೇ ತೋರಿಸು. ಮಾದಪ್ಪ, ಅವತ್ತು ಜಪ್ತಿ ಮಾಡಿದ ಪೈಪಿನ ತುಂಡು, ಆ ಮುದ್ದೆಮಾಲು ತಗೊಂಡು ಬಾ."

ಮಾದಪ್ಪ ತಲೆ ಕೆರೆದುಕೊಂಡ. "ಕೋರ್ಟಲ್ಲೇ ಬಿಚ್ಚಿದ್ರೆ ಚೆಂದ ಅಲ್ವಾ ಸಾ?"

"ಪಂಚರಿದ್ದಾರೆ, ಮತ್ತೆ ಸೀಲು ಹಾಕೋಣ. ತಾ."

ಜೀಪಿನಿಂದ ಬಂದ ಗೋಣಿತಾಟಿನ ಮೂಟೆ ಮೊಣಕೈ ಉದ್ದವಿತ್ತು. ಹೊಲಿಗೆಯ ಮೇಲೆ ಅರಗಿನ ಮುದ್ರೆ, ಮುದ್ರೆಯ ಪಕ್ಕ ಚೀಟಿ, ಚೀಟಿಯ ಮೇಲೆ ಸಹಿ. ಯಾವುದೂ ಕದಲಿರಲಿಲ್ಲ. ಗಂಗಾಧರಸ್ವಾಮಿಯವರು ಅರಗು ಒಡೆದು, ಹೊಲಿಗೆ ಕತ್ತರಿಸಿ, ಒಡೆದ ಪೈಪಿನ ತುಂಡನ್ನು ನಿಂಗರಾಜುವಿನ ಎಡಗೈಗಿಟ್ಟರು.

ನಿಂಗರಾಜು ಅದನ್ನು ತಿರುಗಿಸಿದ. ಮತ್ತೆ ತಿರುಗಿಸಿದ. ಅವನ ಮುಖದಲ್ಲಿದ್ದ ಬೆಳಕು, ಯಾರೋ ಸ್ವಿಚ್ಚು ಆರಿಸಿದಂತೆ ಹೋಯಿತು.

"ಸಾ. ಇದು ನಮ್ದಲ್ಲ."

"ಅಂದರೆ?"

"ಇಲ್ನೋಡಿ. ತುದೀಲಿ ಹಿತ್ತಾಳೆ ನಟ್ಟು." ಅವನ ದನಿ ಪಿಸುಮಾತಾಗಿತ್ತು. "ಅಮೋನಿಯ ಹಿತ್ತಾಳೆನ ತಿಂದಾಕ್ಬುಡ್ತದೆ ಸಾ. ನಮ್ ಮೆಷೀನಲ್ಲಿ ಗುಂಜಿಯಷ್ಟು ಹಿತ್ತಾಳೆ ಇಲ್ಲ, ಪೂರ್ತಿ ಕಬ್ಬಿಣ. ಈ ಪೈಪು ಒಂದಿನಾನೂ ಅಮೋನಿಯದ ಮೊಕ ಕಂಡಿಲ್ಲ. ಯಾವುದೋ ನೀರಿನ ಪಂಪಿಂದು."

ಆಗ ರವಿಕುಮಾರ್ ನಕ್ಕ. ಸಣ್ಣಗೆ, ಮರ್ಯಾದೆಯಿಂದ.

"ಆ ಚೀಟಿ ಮೇಲಿನ ಸಹಿ ಯಾರದು ಸ್ವಾಮಿಗಳೇ?"

ಸಹಿ ಗಂಗಾಧರಸ್ವಾಮಿಯವರದು.

"ಸರಿ. ನನ್ನ ಗುಮಾಸ್ತನ ಶೀಟು ಸುಳ್ಳು. ನಿಮ್ಮ ಪೈಪೂ ಸುಳ್ಳು. ಯಾರ ಕಾಗದಾನ ಕೋರ್ಟು ನಂಬುತ್ತೆ? ಕೊನೇಲಿ ಉಳಿಯೋದು ಒಂದು ಹೆಣ, ಮೆಷೀನ್ ಪಕ್ಕ ನಿಂತಿದ್ದ ಒಬ್ಬ ಮನುಷ್ಯ." ಅವನು ನಿಂಗರಾಜುವಿನ ಕಡೆ ನೋಡಲೂ ಇಲ್ಲ. "ಮಹಜರು ಹಾಗೇ ಇರಲಿ ಬಿಡಿ. ಪೈಪು ನಮ್ಮದೇ, ಗಟ್ಟಿಯಾಗೇ ಇತ್ತು, ಇವನ ಕೈತಪ್ಪಿನಿಂದ ಒಡೀತು. ನಿಮಗೂ ರಿಟೈರ್‌ಮೆಂಟಿಗೆ ಹನ್ನೊಂದೇ ತಿಂಗಳು."

ಪುಟ್ಟಮಾದಮ್ಮ ಗಂಗಾಧರಸ್ವಾಮಿಯವರನ್ನು ನೋಡಿದಳು. ಬೇಡಿಕೆ ಇರಲಿಲ್ಲ ಆ ನೋಟದಲ್ಲಿ. ಬೇಳೆ ಬೆಂದಿದೆಯೋ ಇಲ್ಲವೋ ಎಂದು ನೋಡುವ ನೋಟ.

"ಮಾದಪ್ಪ," ಎಂದರು ಗಂಗಾಧರಸ್ವಾಮಿ. "ಬಿಳೀ ಹಾಳೆ. ಮೂರು ಪ್ರತಿ."

ಎಣ್ಣೆ ಡಬ್ಬದ ಮೇಲೆ ಹಲಗೆ ಇಟ್ಟು ಮಾದಪ್ಪ ಕ್ಷಣದಲ್ಲಿ ಮೇಜು ಮಾಡಿದ. ಹಾಳೆಗಳ ನಡುವೆ ಕಾರ್ಬನ್ ಸೇರಿಸಿ, ಅಂಚು ತಟ್ಟಿ, ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಗಂಗಾಧರಸ್ವಾಮಿಯವರು ಪಂಚರಿಗೆ ಕೇಳುವಂತೆ ಜೋರಾಗಿ ಓದುತ್ತಾ ಬರೆದರು.

"ಗಂಗಾಧರಸ್ವಾಮಿ, ಎಎಸ್‌ಐ ಆದ ನಾನು ಈ ಮೂಲಕ ತಿಳಿಸುವುದೇನೆಂದರೆ, ಸದರಿ ದಿನ ನಾನು ಬರೆದ ಮಹಜರು ತಪ್ಪು. ಮುದ್ದೆಮಾಲಿನ ಒಳಗಿದ್ದುದನ್ನು ನೋಡದೆ ಸಹಿ ಮಾಡಿದ್ದೇನೆ. ಸದರಿ ಪೈಪು ಈ ಯಂತ್ರದ್ದಲ್ಲ. ಇದರ ಪೂರ್ಣ ಜವಾಬ್ದಾರಿ ನನ್ನದೇ ಹೊರತು ನಿಂಗರಾಜುವಿನದಲ್ಲ."

ರವಿಕುಮಾರನ ನಗು ಅರ್ಧಕ್ಕೇ ನಿಂತಿತು. ಹನ್ನೊಂದು ತಿಂಗಳನ್ನು ಹೀಗೆ ಒಂದು ಹಾಳೆಗೆ ಕೊಟ್ಟುಬಿಡುವ ಮನುಷ್ಯನನ್ನು ಅವನು ತನ್ನ ಲೆಕ್ಕದಲ್ಲಿ ಇಟ್ಟಿರಲಿಲ್ಲ. ನಿಂಗರಾಜು, "ಸಾ, ಬ್ಯಾಡಿ ಸಾ," ಎಂದ. ಪುಟ್ಟಮಾದಮ್ಮ ಅವನ ಭುಜ ಒತ್ತಿ ಸುಮ್ಮನಾಗಿಸಿದಳು.

ಪೆನ್ನು ಮುಂದುವರಿಯಿತು. "ಸದರಿ ದಿನ ಅಮೋನಿಯದ ಉರಿಗೆ ನನ್ನ ಕಣ್ಣು ಬಿಡಲಾಗುತ್ತಿರಲಿಲ್ಲ. ಪೈಪಿನ ತುಂಡನ್ನು ಮೊದಲೇ ಮೂಟೆ ಕಟ್ಟಿ, ಹೊಲಿದು, ಅರಗು ಹಾಕಿ, ಸಹಿಗೆಂದು ನನ್ನ ಮುಂದೆ ಇಟ್ಟವರು..."

ಪೆನ್ನು ನಿಂತಿತು.

ಆ ದಿನದ ಉರಿ, ಕಣ್ಣೀರು, ಗದ್ದಲ, ಎಲ್ಲದರ ಮಧ್ಯೆ ತಮ್ಮ ಬೆರಳನ್ನು ಹಿಡಿದು ಸಹಿಯ ಜಾಗಕ್ಕೆ ತಂದಿಟ್ಟ ಕೈ ಅವರಿಗೆ ನೆನಪಾಯಿತು. ತಲೆ ಎತ್ತಬೇಕಾಗಿರಲಿಲ್ಲ. ಆ ಕೈ ಈಗಲೂ ಪಕ್ಕದಲ್ಲೇ, ಹಾಳೆ ಜರುಗದಂತೆ ಅಂಚನ್ನು ಒತ್ತಿ ಹಿಡಿದಿತ್ತು.

"ಯಾಕೆ ಸಾ ನಿಲ್ಲಿಸಿದ್ರಿ?" ಎಂದ ಮಾದಪ್ಪ, ಮೆಲ್ಲಗೆ. "ಬರೀರಿ."